ಅಂಚೆಡಬ್ಬಿ ದಾಟುವವರೆಗೆ

ನನ್ನ ಸೋದರಮಾವ ವರ್ಲಿನ್‌ನ ಎಡಗಿವಿ ಕೇಳುವುದಿಲ್ಲ. ಸಕ್ಕರೆ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಬಾಯ್ಲರಿನ ಪಕ್ಕದಲ್ಲೇ ನಿಂತು ಬೆಸುಗೆ ಹಾಕಿದವನು ಅವನು. ಕಾರ್ಖಾನೆ ಮುಚ್ಚಿದ ಮೇಲೆ ಊರಿನ ಪೂರ್ವದ ತುದಿಯಲ್ಲಿ ತಗಡಿನ ಶೆಡ್ಡು ಹಾಕಿ ಗಾಡಿಗಳ ಹೊಗೆಕೊಳವೆ ಕೂರಿಸುವ ಕೆಲಸ ಹಿಡಿದ. ಎಂಜಿನ್ನು ಚಾಲೂ ಮಾಡಿಸಿ, ಕೊಳವೆಯ ಹತ್ತಿರ ಅಂಗೈ ಹಿಡಿದು, ಕಣ್ಣು ಮುಚ್ಚಿಕೊಂಡು ನಿಲ್ಲುತ್ತಿದ್ದ. ಎಲ್ಲಿ ಗಾಳಿ ಸೋರುತ್ತಿದೆ, ಕೊಳವೆ ಬಿಗಿಯುವ ಯಾವ ಕ್ಲಾಂಪು ಸಡಿಲ ಎಂದು ಅವನ ಅಂಗೈ ಹೇಳುತ್ತಿತ್ತು.

ನಮ್ಮೂರು ಸೇಜ್ ಫೋರ್ಕಿನಲ್ಲಿ ಡೀಸೆಲ್ ಪಿಕಪ್ ಇರುವವರೆಲ್ಲ ಒಂದಲ್ಲ ಒಂದು ದಿನ ಅವನ ಶೆಡ್ಡಿಗೆ ಬರುವವರೇ. ಗಾಡಿಯ ಜೊತೆ ಬಂದ ಸಣ್ಣ ಕೊಳವೆ ಬಿಚ್ಚಿಸಿ ಐದಿಂಚಿನದು ಹಾಕಿಸಿಕೊಳ್ಳುತ್ತಿದ್ದರು. ದಪ್ಪ ಕೊಳವೆಯಿದ್ದರೆ ಎಂಜಿನ್ನಿಗೆ ಗಾಳಿ ತುಂಬುವ ಟರ್ಬೊ ಸಲೀಸಾಗಿ ಉಸಿರಾಡುತ್ತದೆ, ದನದ ಟ್ರೇಲರ್ ಎಳೆದುಕೊಂಡು ಏರು ಹತ್ತುವಾಗ ಎಂಜಿನ್ನು ಬಿಸಿಯೇರುವುದಿಲ್ಲ ಎಂದು ಕಾರಣ ಹೇಳುತ್ತಿದ್ದರು. ಆ ಮಾತು ಸುಳ್ಳಲ್ಲ. ಆದರೆ ಅದಕ್ಕಾಗಿ ಬಂದವರನ್ನು ನಾನು ಕಾಣೆ. ಬರುತ್ತಿದ್ದುದು ಸದ್ದಿಗಾಗಿ, ಕರಿ ಹೊಗೆಗಾಗಿ. ನಾನೂ ಅದಕ್ಕೇ ಹೋದವಳು.

ಹೊಸ ಕೊಳವೆ ಕೂರಿಸಿದ ಗಾಡಿಯನ್ನು ಮೊದಲು ಓಡಿಸುವವನು ಮಾವನೇ. ಶೆಡ್ಡಿನ ಮುಂದಿನ ರಸ್ತೆ ನೇರ, ಸಪಾಟು. ಅರ್ಧ ಮೈಲಿ ಹೋದರೆ ಮೈಲೋ ಟಾಲೆಫ್‌ಸನ್‌ನ ಹೊಲಮನೆ, ರಸ್ತೆಯಂಚಿಗೆ ಅವರ ಅಂಚೆಡಬ್ಬಿ. ಆ ಡಬ್ಬಿ ದಾಟುವವರೆಗೆ ಪೆಡಲ್ ಜೋರಾಗಿ ಒತ್ತಿ ಹೊಗೆ ಬಿಡುವಂತಿಲ್ಲ ಎನ್ನುವುದು ಮಾವನ ಕಟ್ಟಳೆ. ಮೈಲೋನ ಹೆಂಡತಿ ಆರ್ಡಿಸ್‌ಗೆ ಶ್ವಾಸಕೋಶದ ಕಾಯಿಲೆ. ಮೂಗಿಗೆ ಆಕ್ಸಿಜನ್ ನಳಿಗೆ ಸಿಕ್ಕಿಸಿಕೊಂಡು ರಸ್ತೆ ಕಡೆಯ ಕಿಟಕಿಯಲ್ಲಿ ಕೂತಿರುತ್ತಿದ್ದಳು. ಮೂರು ವರ್ಷದ ಹಿಂದೆ ಒಮ್ಮೆ ಅವಳೇ ಶೆಡ್ಡಿಗೆ ಫೋನು ಮಾಡಿದ್ದಳಂತೆ.

"ವರ್ಲಿನ್, ನಿನ್ನ ಹುಡುಗ್ರಿಗೆ ಸ್ವಲ್ಪ ಹೇಳಪ್ಪ. ಅವರ ಹೊಗೆಯೆಲ್ಲ ನನ್ನ ಮೂಗಿಗೇ ವಿಳಾಸ ಬರ್ಕೊಂಡು ಬರುತ್ತೆ."

ಅಂದಿನಿಂದ ಗಾಡಿಯ ಬೀಗದ ಕೈ ಕೊಡುವಾಗ ಮಾವ ಪ್ರತಿಯೊಬ್ಬರಿಗೂ ಆ ಮಾತು ಹೇಳುತ್ತಿದ್ದ. ಕೇಳದೆ ಹೊಗೆಬಿಟ್ಟ ಒಬ್ಬನ ಗಾಡಿಯನ್ನು ಮತ್ತೆ ಶೆಡ್ಡಿನೊಳಗೆ ಸೇರಿಸಲಿಲ್ಲ. ಅವನು ದೊಡ್ಡ ಗೋಧಿ ಹೊಲದವರ ಮಗ. ಅವರಪ್ಪ ಬಂದು ಕೇಳಿಕೊಂಡರೂ ಮಾವ ಜಗ್ಗಲಿಲ್ಲ. ಮಾತು ಕಡಿಮೆಯ, ಮದುವೆಯಾಗದ, ಊರಿನ ಯಾವ ಸಮಿತಿಯಲ್ಲೂ ಇಲ್ಲದ ಮನುಷ್ಯನಿಗೆ ಊರಲ್ಲಿ ಒಂದು ಬೆಲೆ ಬಂದಿದ್ದು ಆ ಕಟ್ಟಳೆಯಿಂದಲೇ.

ಜೂನ್ ತಿಂಗಳಲ್ಲಿ ಆರ್ಡಿಸ್ ತೀರಿಕೊಂಡಳು. ಶುಕ್ರವಾರ ಹನ್ನೊಂದಕ್ಕೆ ಚರ್ಚಿನಲ್ಲಿ ಪ್ರಾರ್ಥನೆ, ಆಮೇಲೆ ಮಣ್ಣು, ಅದಾದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಊಟ. ನನ್ನ ಗಾಡಿ ಗುರುವಾರದಿಂದಲೇ ಮಾವನ ಶೆಡ್ಡಿನಲ್ಲಿತ್ತು. ಅಜ್ಜ ಬಿಟ್ಟುಹೋದ ಹಳೆಯ ಡೀಸೆಲ್ ಪಿಕಪ್ ಅದು. ಶನಿವಾರ ಕಾಲೇಜಿನ ಗೆಳತಿಯರೊಡನೆ ನದಿಗೆ ಹೋಗುವುದಿತ್ತು. ಹೊಸ ಸದ್ದಿನ ಗಾಡಿಯಲ್ಲೇ ಹೋಗಬೇಕೆಂದು ನಾನು ಹಟ ಹಿಡಿದಿದ್ದೆ.

"ಪ್ರಾರ್ಥನೆಗೆ ಹೋಗ್ಬೇಕಲ್ಲೇ," ಎಂದ ಮಾವ ಶುಕ್ರವಾರ ಬೆಳಿಗ್ಗೆ, ಗಾಡಿಯ ಕೆಳಗಿನಿಂದ.

"ಊಟಕ್ಕೆ ಹೋದ್ರಾಯ್ತು ಮಾವ. ಚರ್ಚಲ್ಲಿ ಜಾಗಾನೇ ಇರಲ್ಲ. ಇನ್ನೆಷ್ಟು, ಪೈಪು ನೇತುಹಾಕಿ ಕ್ಲಾಂಪು ಬಿಗಿದ್ರೆ ಆಯ್ತು ತಾನೆ?"

ಅವನು ಕೈ ಚಾಚಿ, "ಸೋಪು ನೀರು ಕೊಡು," ಎಂದ. ರಬ್ಬರಿನ ಕೊಂಡಿಗಳಿಗೆ ಸೋಪು ಸವರಿ, ಹೊಸ ಕೊಳವೆಯ ತುಂಡುಗಳನ್ನು ಒಂದೊಂದಾಗಿ ನೇತುಹಾಕಿದ. ಎಲ್ಲ ಕ್ಲಾಂಪುಗಳನ್ನೂ ಸಡಿಲವಾಗಿ ಬಿಟ್ಟು, ಸ್ಟೆಪ್ನಿಗೂ ಬ್ರೇಕಿನ ನಳಿಗೆಗೂ ಎರಡೆರಡು ಬೆರಳು ಅಂತರ ನೋಡಿ, ಮುಂದಿನಿಂದ ಹಿಂದಕ್ಕೆ ಬಿಗಿ ಮಾಡುತ್ತ ಬಂದ. ಕೊನೆಗೆ ನಾನು ಕಾಡಿಬೇಡಿ ಅವನಿಂದ ಡೀಸೆಲ್ ಪಂಪಿನ ತಿರುಪನ್ನೂ ಕಾಲು ಸುತ್ತು ತಿರುಗಿಸಿಕೊಂಡೆ. ಡೀಸೆಲ್ ಹೆಚ್ಚಾದಷ್ಟೂ ಹೊಗೆ ಕಪ್ಪು.

ಗಾಡಿ ಹೊರಗೆ ತಂದಾಗ ಹನ್ನೆರಡು ದಾಟಿತ್ತು. ಸದ್ದು ಎದೆಗೂಡಿನೊಳಗೆ ಕೂತು ಮಾತಾಡಿದಂತಿತ್ತು. ನಾನು ಮಾವನ ಪಕ್ಕ ಕೂತು ನಗುತ್ತಿದ್ದೆ. ಗಾಳಿ ಎಳ್ಳಷ್ಟೂ ಇರಲಿಲ್ಲ. ಟಾಲೆಫ್‌ಸನ್ನರ ಅಂಚೆಡಬ್ಬಿ ಹತ್ತಿರ ಬಂತು. ಮಾವ ಎಂದಿನಂತೆ ಕಾಲು ಹಗುರ ಮಾಡಿದ.

"ಒತ್ತು ಮಾವ," ಎಂದೆ. "ಈಗ ಆ ಮನೇಲಿ ಯಾರಿದ್ದಾರೆ?"

ಅವನು ಕಿಟಕಿಯ ಕಡೆ ನೋಡಿದ. ಪರದೆ ಎಳೆದಿತ್ತು. ಅಂಗಳದಲ್ಲಿ ಒಂದು ಕಾರೂ ಇರಲಿಲ್ಲ. ಸ್ಮಶಾನ ಊರಿನ ಇನ್ನೊಂದು ತುದಿಯಲ್ಲಿದೆ, ಚರ್ಚಿನಿಂದ ಹೊರಡುವ ಶವದ ಮೆರವಣಿಗೆ ಹೆದ್ದಾರಿ ಹಿಡಿದು ನೇರ ಅಲ್ಲಿಗೆ ಹೋಗುತ್ತದೆ ಎಂದೇ ಇಬ್ಬರೂ ಎಣಿಸಿದ್ದೆವು. ಮಾವ ಒತ್ತಿದ.

ಗಾಡಿ ಮುಂದಕ್ಕೆ ಜಿಗಿಯಿತು. ಹಿಂದೆ ರಸ್ತೆ, ಬೇಲಿ, ಡಬ್ಬಿ ಎಲ್ಲವೂ ಕಪ್ಪಾದವು. ನಾನು ಕೇಕೆ ಹಾಕಿದೆ. ನನ್ನ ಕೇಕೆ ಮುಗಿಯುವ ಮೊದಲೇ ಮಾವ ಬ್ರೇಕು ಹಾಕಿದ.

ಮನೆಯ ಹಿಂದಿನ ಮರಸಾಲಿನ ಮರೆಯಿಂದ ಶವದ ಗಾಡಿ ಮೆಲ್ಲಗೆ ಬರುತ್ತಿತ್ತು. ಅದರ ಹಿಂದೆ, ಹಗಲಲ್ಲೂ ದೀಪ ಹಚ್ಚಿಕೊಂಡು, ಒಂದರ ಹಿಂದೊಂದು ಕಾರುಗಳು. ಮಣ್ಣಿಗೆ ಒಯ್ಯುವ ಮೊದಲು ಹೊಲವಿದ್ದವರನ್ನು ಅವರ ಹೊಲಮನೆಯ ಸುತ್ತ ಒಂದು ಬಾರಿ ಕರೆತರುವುದು ನಮ್ಮಲ್ಲಿ ಇದ್ದದ್ದೇ. ಅಜ್ಜನನ್ನೂ ಹಾಗೇ ತಂದಿದ್ದೆವು. ಅಂಥದನ್ನು ನಾವಿಬ್ಬರೂ ಹೇಗೆ ಮರೆತೆವೋ ಇವತ್ತಿಗೂ ತಿಳಿಯದು. ಸೆಖೆಗೆ ಕಾರುಗಳ ಕಿಟಕಿಗಳೆಲ್ಲ ತೆರೆದಿದ್ದವು. ಹೊಗೆ ಎಲ್ಲಿಗೂ ಹೋಗದೆ, ಅವರು ಬರುವ ದಾರಿಯ ಮೇಲೇ ನಿಂತಿತ್ತು.

ಮಾವ ಗಾಡಿ ಬದಿಗೆ ನಿಲ್ಲಿಸಿ ಕೆಳಗಿಳಿದ. ಟೋಪಿ ತೆಗೆದು ಎದೆಗೆ ಹಿಡಿದುಕೊಂಡ. ಶವದ ಗಾಡಿ ಕಂಡರೆ ಯಾರಾದರೂ ಮಾಡುವುದು ಅದನ್ನೇ. ನಾನೂ ಇಳಿದು ಅವನ ಪಕ್ಕ ನಿಂತೆ. ಕಾರುಗಳ ಒಳಗಿಂದ ಕೆಮ್ಮು ಕೇಳಿಸುತ್ತಿತ್ತು, ಮಗುವೊಂದು ಅಳುತ್ತಿತ್ತು, ಕಿಟಕಿ ಗಾಜುಗಳು ಒಂದೊಂದಾಗಿ ಏರುತ್ತಿದ್ದವು. ಮೊದಲ ಕಾರಿನಲ್ಲಿ ಮೈಲೋ ಕೂತಿದ್ದ. ನಮ್ಮನ್ನು ಹಾಯುವಾಗ, ದಾರಿಯಲ್ಲಿ ಯಾರು ಎದುರಾದರೂ ಮಾಡುವಂತೆ, ನಮಸ್ಕಾರಕ್ಕೆ ಎರಡು ಬೆರಳು ಎತ್ತಿದ. ಅಭ್ಯಾಸಬಲ. ಎತ್ತದೇ ಇದ್ದಿದ್ದರೆ ಚೆನ್ನಾಗಿತ್ತು ಎನಿಸಿತು ನನಗೆ.

ಮಾವ ಶೆಡ್ಡಿಗೆ ಬಂದು ಕೈ ತೊಳೆದ. ತೊಳೆದ ಕೈಯನ್ನೇ ಮತ್ತೆ ತೊಳೆದ.

"ಊಟಕ್ಕೆ ಹೋಗೋದು ಬೇಡ ಮಾವ," ಎಂದೆ.

"ಇವತ್ತು ಹೋಗ್ಲಿಲ್ಲ ಅಂದ್ರೆ ಇನ್ಯಾವತ್ತೂ ಮೈಲೋನ ಮುಖ ನೋಡಕ್ಕಾಗಲ್ಲ ಕಣೇ."

ನೆಲಮಾಳಿಗೆಯಲ್ಲಿ ಚೀಸು ಹಾಕಿ ಬೇಯಿಸಿದ ಆಲೂಗಡ್ಡೆಯ ವಾಸನೆ, ತಟ್ಟೆಗಳ ಸದ್ದು. ನಾವು ಒಳಗೆ ಬಂದಾಗ ತಲೆಗಳು ಬಾಗಿಲ ಕಡೆ ತಿರುಗಿದವು. ಮೇವಿನ ಅಂಗಡಿಯ ಗೇಲನ್, ಹಂದಿಮಾಂಸ ತುಂಬಿದ ಬನ್ನು ಕಚ್ಚುತ್ತಲೇ ಕರೆದ.

"ಏನಯ್ಯ ವರ್ಲಿನ್, ನಾವು ಲೂಥರನ್ ಚರ್ಚಿನೋರು ಕಣಯ್ಯ. ಹೆಣಕ್ಕೆ ಧೂಪ ಹಾಕೋದು ಕ್ಯಾಥೊಲಿಕ್ಕರು."

ಯಾರೋ ಮೂಗಿನಲ್ಲಿ ನಕ್ಕರು. ಗೇಲನ್‌ನ ಹೆಂಡತಿ ಅವನ ಮೊಣಕೈ ತಿವಿದು, "ಬಾಯಲ್ಲಿ ಬನ್ನಿದ್ರೂ ಸುಮ್ನಿರಲ್ವಲ್ಲ ನೀವು!" ಎಂದಳು. ಮಾವನ ಕತ್ತು ಕೆಂಪಗಾಗಿತ್ತು. ಅವನು ನಿಲ್ಲದೆ ನೇರ ಮೈಲೋನ ಮೇಜಿಗೆ ಹೋದ. ನಾನು ಹಿಂದೆ ಹೋದೆ.

ಮೈಲೋ ತಲೆಯೆತ್ತಿ ನೋಡಿದ. ಅವನ ಬಿಳಿ ಕಾಲರಿನ ಅಂಚಿನಲ್ಲಿ ಮಸಿಯ ಒಂದು ಗೆರೆ ಇತ್ತು.

"ಯಾರದಯ್ಯ ಗಾಡಿ ಅದು?"

ಬಾಯಿ ತೆರೆಯಬೇಕಾದವಳು ನಾನು. ತೆರೆಯಲಿಲ್ಲ.

"ಗಾಡಿ ಯಾರದಾದ್ರೇನು," ಎಂದ ಮಾವ. "ಒತ್ತಿದ್ದು ನನ್ನ ಕಾಲು."

ಮೈಲೋ ತಟ್ಟೆಯನ್ನು ಬದಿಗೆ ಸರಿಸಿದ. "ಆರ್ಡಿಸ್ ಹೇಳ್ತಿದ್ಳು," ಎಂದ, "ವರ್ಲಿನ್‌ನ ಗಾಡಿಗಳು ನಮ್ಮನೆ ದಾಟೋವರೆಗೂ ಉಸಿರು ಬಿಗಿ ಹಿಡ್ಕೊಂಡು ಹೋಗ್ತಾವೆ ನೋಡ್ರೀ ಅಂತ. ಎಣಿಸ್ತಿದ್ಳು ಅವನ್ನ. ಇವತ್ತು ಐದು, ಇವತ್ತು ಮೂರು ಅಂತ."

ಬೈದಿದ್ದರೆ ಮಾವ ತಡೆದುಕೊಳ್ಳುತ್ತಿದ್ದ. ಟೋಪಿಯನ್ನು ಮುದುಡಿ ಮುದುಡಿ ಹಿಡಿದುಕೊಂಡು ನಿಂತೇ ಇದ್ದ. ಆಗ ಮೈಲೋ, "ಕೂತ್ಕೊಂಡು ಊಟ ಮಾಡು. ನಿಂತವನ ಎದುರು ನಂಗೆ ಊಟ ಸೇರಲ್ಲ," ಎಂದ. ಮಾವ ಕೂತ. ಯಾರೋ ತಟ್ಟೆ ತಂದಿಟ್ಟರು. ನಾವು ಎದ್ದು ಹೊರಡುವಾಗ ಮೈಲೋ ಇನ್ನೊಂದು ಮಾತು ಹೇಳಿದ. ಆರ್ಡಿಸ್ ಮಲಗುತ್ತಿದ್ದ ಬಾಡಿಗೆ ಮಂಚವನ್ನು ನಗರದ ಆಸ್ಪತ್ರೆಗೆ ವಾಪಸು ಮುಟ್ಟಿಸಬೇಕಿತ್ತು, ಅವನ ಕಾರಿನಲ್ಲಿ ಹಿಡಿಸುವುದಿಲ್ಲ. "ಗಾಡಿ ಇರೋರು ಯಾರಾದ್ರೂ ನಾಳೆ ಬಂದ್ರೆ ಆಗ್ತಿತ್ತು."

ಅಂದೇ ಸಂಜೆ ಮಾವನಿಗೆ ಹೇಳಿದೆ. "ಹಳೇ ಪೈಪೇ ಹಾಕ್ಬಿಡು ಮಾವ. ಇದು ಬೇಡ ನಂಗೆ."

"ಪೈಪೇನು ಮಾಡ್ತು ಪಾಪ," ಎಂದ. "ಬಿಚ್ಚಿದ್ರೆ ನಿನ್ನ ಮನಸ್ಸು ಹಗುರ ಆಗುತ್ತೆ. ಅದಕ್ಕೇ ನಾನು ಬಿಚ್ಚಲ್ಲ."

ಶೆಡ್ಡಿನ ದೀಪ ಆರಿಸಿ ಮನೆಗೆ ಹೋದ. ಮುಂದಿನ ವಾರವೆಲ್ಲ ಅವನು ಶೆಡ್ಡು ತೆರೆಯಲಿಲ್ಲ.

ಮಾರನೆಯ ದಿನ, ಶನಿವಾರ, ನಾನು ನದಿಗೆ ಹೋಗಲಿಲ್ಲ. ಟಾಲೆಫ್‌ಸನ್ನರ ಮನೆಗೆ ಹೋದೆ. ಕಾಲನ್ನು ಎಷ್ಟು ಹಗುರ ಇಟ್ಟರೂ ಆ ಕೊಳವೆ ಸುಮ್ಮನಾಗದು. ನಾನು ಅಂಗಳಕ್ಕೆ ತಿರುಗುವ ಮೊದಲೇ ಮೈಲೋ ಬಾಗಿಲಿಗೆ ಬಂದಿದ್ದ. ಗಾಡಿಯನ್ನು ನೋಡಿದ, ಆಮೇಲೆ ನನ್ನನ್ನು. ಒಳಗೆ ಕರೆದ.

ಮಂಚ ಆ ಕಿಟಕಿಯ ಕೆಳಗೇ ಇತ್ತು. ಹಾಸಿಗೆ ಸುತ್ತಿ ಹಗ್ಗ ಕಟ್ಟಿದ್ದ. ನಾನು ಬಾಗಿಲಲ್ಲೇ ನಿಂತು, ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದನ್ನು ಹೇಳಿದೆ.

"ಗಾಡಿ ನಂದು. ಒತ್ತು ಅಂದಿದ್ದೂ ನಾನು. ಆ ಮನೇಲಿ ಈಗ ಯಾರಿದ್ದಾರೆ ಅಂದೆ."

ಕೊನೆಯ ಮಾತು ಹೇಳಬೇಕಾಗಿರಲಿಲ್ಲ. ಆದರೆ ಅದನ್ನು ಬಿಟ್ಟರೆ ಹೇಳಿದಂತಾಗುತ್ತಿರಲಿಲ್ಲ.

ಮಂಚ ಎತ್ತಲು ಬಗ್ಗಿದ್ದ ಮೈಲೋ ಬಗ್ಗಿದಂತೆಯೇ ನಿಂತ. ನನ್ನನ್ನು ನೋಡಲಿಲ್ಲ. "ನಾನಿದ್ದೀನಿ," ಎಂದ, ಬಹಳ ಮೆಲ್ಲಗೆ, ನನಗಲ್ಲದೆ ಬೇರೆ ಯಾರಿಗೋ ಹೇಳಿದಂತೆ. ಆಮೇಲೆ ಮಂಚದ ತಲೆಕಡೆ ಹಿಡಿದುಕೊಂಡು, "ಕಾಲ್ಕಡೆ ಹಿಡ್ಕೊಳಮ್ಮ. ಭಾರ ಇದೆ, ಹುಷಾರು," ಎಂದ.

ನಾನು ಹಿಡಿದೆ.