ಬೆಂಕಿ ಕಂಡ ಹಿಟ್ಟು

ಹ್ಲಿನೋವ್ ಊರಿನಲ್ಲಿ ಹಿಟ್ಟು ಅಂದರೆ ಗೋಧಿಯದಲ್ಲ. ಊರಾಚೆಯ ಗಣಿಯಲ್ಲಿ ಅಗೆಯುವ ಡಯಾಟಮ್ ಮಣ್ಣಿಗೆ ಅಲ್ಲಿಯವರು ಇಟ್ಟ ಹೆಸರು ಅದು. ಯಾವ ಕಾಲದ್ದೋ ಸರೋವರದಲ್ಲಿ ಬದುಕಿ ಸತ್ತ ಕಣ್ಣಿಗೆ ಕಾಣದ ಪಾಚಿಗಳ ಚಿಪ್ಪು ಪದರ ಪದರವಾಗಿ ಕೂತು ಆದ ಮಣ್ಣು. ಊರಿನವರು ಅದನ್ನು ಅಗೆದರು, ಒಣಗಿಸಿದರು, ಕುಲುಮೆಯಲ್ಲಿ ಹುರಿದರು, ಬಿಯರ್ ಸೋಸುವವರಿಗೆ ಮಾರಿದರು. ಅದರ ದುಡ್ಡಿನಲ್ಲೇ ಮನೆ ಕಟ್ಟಿದರು, ಮಕ್ಕಳನ್ನು ಓದಿಸಿದರು. ಹರಿದ ಚೀಲದ ಹಿಟ್ಟನ್ನು ಮನೆಗೆ ಹೊತ್ತು ತರುವುದೂ ರೂಢಿಯಾಗಿತ್ತು. ಪಾತ್ರೆ ಉಜ್ಜುವುದಕ್ಕೆ, ಮನೆಯಲ್ಲೇ ಮಾಡಿದ ವೈನ್ ತಿಳಿಯಾಗಿಸುವುದಕ್ಕೆ, ಚಳಿಗಾಲದಲ್ಲಿ ಮೆಟ್ಟಿಲ ಮೇಲಿನ ಮಂಜುಗಡ್ಡೆಗೆ ಎರಚುವುದಕ್ಕೆ, ಎಲ್ಲದಕ್ಕೂ ಅದೇ.

ದ್ರಾಹೊಮೀರಾ ಹೌಷ್ಕೊವಾ ಆ ಕಾರ್ಖಾನೆಯಲ್ಲಿ ಹುರಿದ ಹಿಟ್ಟನ್ನು ಚೀಲಕ್ಕೆ ತುಂಬುತ್ತಲೇ ಪ್ರಾಯ ಕಳೆದವಳು. ಆ ವಿಭಾಗದ ಹೆಂಗಸರಿಗೆ ಇದ್ದ ಜಂಬ ಅಷ್ಟಿಷ್ಟಲ್ಲ. ತಮ್ಮದು ಬೆಂಕಿ ಕಂಡ ಹಿಟ್ಟು, ಹಾಲಿನಂತೆ ಬಿಳಿ, ಹೆಸರಾಂತ ಬಿಯರ್ ಮನೆಗಳಿಗೆ ಹೋಗುವಂಥದ್ದು. ಹಿಂದಿನ ಶೆಡ್ಡಿನಲ್ಲಿ ಹುರಿಯದೆ ಬರೀ ಒಣಗಿಸಿದ ಹಸಿ ಮಣ್ಣು ತುಂಬುವವರದು ಬೂದು ಬಣ್ಣದ ಸರಕು, ದನದ ಮೇವಿಗೂ ಬೆಕ್ಕಿನ ಹೇಲಿನ ಡಬ್ಬಿಗೂ ಹೋಗುವಂಥದ್ದು. ಊಟದ ಹೊತ್ತಿನಲ್ಲಿ ಇವರ ಮೇಜಿಗೆ ಅವರು ಬರುತ್ತಿರಲಿಲ್ಲ, ಅವರ ಮೇಜಿಗೆ ಇವರು ಹೋಗುತ್ತಿರಲಿಲ್ಲ. ನಿವೃತ್ತಿಯಾಗಿ ಎಷ್ಟೋ ವರ್ಷವಾದ ಮೇಲೂ ದ್ರಾಹೊಮೀರಾಳ ತಲೆಯಿಂದ ಆ ಮೇಲು ಕೀಳು ಇಳಿದಿರಲಿಲ್ಲ.

ಆ ಜುಲೈನಲ್ಲಿ ಪಕ್ಕದ ಮನೆಯ ಓಲ್ದ್ರಿಖ್ ವಾಚ್ಕಾರ್ ತನ್ನ ನಾಯಿಯನ್ನು ಅವಳ ಕೈಗೆ ಒಪ್ಪಿಸಿ ಲುಹಾಚೊವಿತ್ಸೆಯ ಆರೋಗ್ಯಧಾಮಕ್ಕೆ ಹೊರಟ. ಅವನು ಕುಲುಮೆಯ ಮುಂದೆ ದುಡಿದವನು, ಅವನ ಎದೆಯಲ್ಲಿ ಆ ಧೂಳು ಮನೆ ಮಾಡಿಕೊಂಡಿತ್ತು. ಹೆಂಡತಿ ಸತ್ತ ಮೇಲೆ ಅವನನ್ನು ದಿನಾ ಬೆಳಗ್ಗೆ ಹಾಸಿಗೆಯಿಂದ ಎಬ್ಬಿಸಿ, ಬೂಟು ಹಾಕಿಸಿ, ಗುಡ್ಡದವರೆಗೆ ನಡೆಸುತ್ತಿದ್ದದ್ದು ಈ ಬೆರ್ಟೀಕ್ ಒಂದೇ. ಉದ್ದ ಬೆನ್ನಿನ, ಗಿಡ್ಡ ಕಾಲಿನ, ಯಾರ ಮಾತನ್ನೂ ಕೇಳದ ಮುದಿ ನಾಯಿ. ಅದಿಲ್ಲದಿದ್ದರೆ ಓಲ್ದ್ರಿಖ್ ಕಿಟಕಿಯ ಪಕ್ಕ ಕೂತು ಕೂತೇ ಮುಗಿದುಹೋಗುತ್ತಾನೆ ಎಂದು ಊರಿಗೆಲ್ಲ ಗೊತ್ತಿತ್ತು.

"ನೋಡು ದ್ರಾಹುಷ್ಕಾ, ಇವನಿಗೆ ಬುಖ್ಟಾ ಗಿಖ್ಟಾ ತಿನ್ನಿಸ್ಬೇಡ. ಹೊಟ್ಟೆ ನೆಲಕ್ಕೆ ತಾಗೋ ಹಾಗಾಗಿದೆ," ಎಂದ ಓಲ್ದ್ರಿಖ್, ಬಸ್ಸಿನ ಮೆಟ್ಟಿಲ ಮೇಲೆ ನಿಂತು.

"ಯಾರದ್ದು, ಅವನದ್ದಾ ನಿಂದಾ?" ಎಂದಳು ದ್ರಾಹೊಮೀರಾ. "ನಡಿ ನಡಿ, ನನ್ನ ಮಗನ ಥರ ನೋಡ್ಕೊತೀನಿ."

ನೋಡಿಕೊಂಡಳು ಕೂಡ. ಬುಖ್ಟಾ ತಿನ್ನಿಸಿದಳು, ಅದೂ ಗಸಗಸೆ ಹೂರಣದ ಬಿಸಿ ಬನ್ನುಗಳನ್ನೇ. ಕೋಳಿಗೂಡಿಗೆ ಅಂಟಿಕೊಂಡ ತಂಪು ಕೊಟ್ಟಿಗೆಯಲ್ಲಿ ಹಾಸಿಗೆ ಹಾಕಿಕೊಟ್ಟಳು. ನಾಯಿಯ ವಿಷಯದಲ್ಲಿ ಅವಳದು ಒಂದು ಲೋಪವೂ ಇರಲಿಲ್ಲ, ಕೋಳಿಗಳಿಗೆ ಹೇನು ಬೀಳುವವರೆಗೆ.

ಸೆಕೆ ಏರಿದ ಹಾಗೆ ಮೊಟ್ಟೆ ಕಡಿಮೆಯಾದವು. ಕೋಳಿಗಳ ಜುಟ್ಟು ಬಿಳಿಚಿಕೊಂಡಿತು. ಒಂದು ದಿನ ಕೋಳಿ ಕೂರುವ ಅಡ್ಡಗೋಲಿನ ತುದಿಯನ್ನು ಬಿಳಿ ಬಟ್ಟೆಯಿಂದ ಒರೆಸಿ ನೋಡಿದರೆ ಬಟ್ಟೆಗೆ ರಕ್ತದ ಗೆರೆ. ಹಗಲೆಲ್ಲ ಮರದ ಬಿರುಕಿನಲ್ಲಿ ಅಡಗಿದ್ದು ಕತ್ತಲಾದ ಮೇಲೆ ಬಂದು ಹೀರುವ ಕೆಂಪು ಹೇನು. ಬೆರ್ಟೀಕ್‌ನ ಹೊಟ್ಟೆಯ ಮೇಲೂ ಒಂದೆರಡು ಓಡಾಡುತ್ತಿದ್ದವು.

ಹೇನಿಗೆ ಹಿಟ್ಟು ಮದ್ದು ಅನ್ನುವುದು ಆ ಊರಿನ ಮಗುವಿಗೂ ಗೊತ್ತು. ದ್ರಾಹೊಮೀರಾ ನೆಲಮಾಳಿಗೆಯಿಂದ ತನ್ನ ಚೀಲ ಎಳೆದು ತಂದಳು, ಹುರಿದ ಹಿಟ್ಟಿನದನ್ನೇ. ತನ್ನ ಕೋಳಿಗೆ, ಅದಕ್ಕಿಂತ ಹೆಚ್ಚಾಗಿ ನಂಬಿ ಬಿಟ್ಟುಹೋದ ನಾಯಿಗೆ, ಬೆಕ್ಕಿನ ಡಬ್ಬಿಯ ಬೂದು ಮಣ್ಣು ಹಾಕುವುದುಂಟೇ? ಬಾಗಿಲು ತೆರೆದರೆ ಗಾಳಿಗೆ ಹಾರಿ ದಂಡವಾಗುತ್ತದೆ ಎಂದು ಗೂಡನ್ನು ಮುಚ್ಚಿಕೊಂಡೇ ಬೊಗಸೆ ಬೊಗಸೆ ಎರಚಿದಳು. ಗೋಡೆಗೆ, ಅಡ್ಡಗೋಲಿಗೆ, ಹುಲ್ಲಿಗೆ, ಕೋಳಿಗಳ ರೆಕ್ಕೆಯ ಅಡಿಗೆ. ಉಳಿದದ್ದನ್ನು ಬೆರ್ಟೀಕ್‌ನ ಬೆನ್ನಿಗೂ ಹಾಸಿಗೆಗೂ ಸುರಿದು ಚೆನ್ನಾಗಿ ತಿಕ್ಕಿದಳು. ಮೂಗಿಗೆ ಒಂದು ಕರ್ಚೀಫೂ ಕಟ್ಟಿಕೊಳ್ಳಲಿಲ್ಲ. ಇಡೀ ಆಯುಷ್ಯ ಅದರ ನಡುವೆಯೇ ಕಳೆದವಳಿಗೆ ಅದೊಂದು ಧೂಳು ಎಂದು ಅನ್ನಿಸಬೇಕಲ್ಲ! ಮಾರನೆಯ ದಿನವೂ ಎರಚಿದಳು, ಅದರ ಮಾರನೆಯ ದಿನವೂ.

ವಾರ ತುಂಬುವ ಹೊತ್ತಿಗೆ ನಾಯಿಯ ಕಣ್ಣು ಕೆಂಪಾಯಿತು. ಆಮೇಲೆ ಅದು ಕೆಮ್ಮಿತು.

ದ್ರಾಹೊಮೀರಾ ಅಡುಗೆಮನೆಯಲ್ಲಿ ಸಬ್ಬಸಿಗೆ ಸಾರಿಗೆ ಮೊಟ್ಟೆ ಒಡೆಯುತ್ತಿದ್ದಳು. ಅಂಗಳದಿಂದ ಕೇಳಿದ ಕೆಮ್ಮಿಗೆ, ಓಲ್ದ್ರಿಖ್ ಇಷ್ಟು ಬೇಗ ವಾಪಸು ಬಂದನೇ ಎಂದುಕೊಂಡು ಹೊರಗೆ ಇಣುಕಿದಳು. ಮನುಷ್ಯರು ಯಾರೂ ಇರಲಿಲ್ಲ. ಕೊಟ್ಟಿಗೆಯ ಹೊಸ್ತಿಲಲ್ಲಿ ಬೆರ್ಟೀಕ್ ಕತ್ತು ಚಾಚಿ, ಪಕ್ಕೆ ಒಳಗೆಳೆದುಕೊಂಡು, ಥೇಟು ತನ್ನ ಯಜಮಾನನ ಹಾಗೆಯೇ ಒಣಗೆಮ್ಮು ಕೆಮ್ಮುತ್ತಿತ್ತು. ಆ ಕೆಮ್ಮು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎನ್ನುವುದನ್ನು ಬೇಲಿಯಾಚೆಯಿಂದ ಎಷ್ಟು ವರ್ಷ ಕೇಳಿದ್ದಳು ಅವಳು! ನಾಯಿ ಸತ್ತರೆ ಓಲ್ದ್ರಿಖ್‌ಗೆ ಏನು ಹೇಳುವುದು? ಸತ್ತಿತು ಎಂದು ಹೇಳುವುದೋ, ಕೊಂದೆ ಎಂದು ಹೇಳುವುದೋ?

ಒಲೆ ಆರಿಸಿ, ನಾಯಿಯನ್ನು ಸೇಬಿನ ಬುಟ್ಟಿಯಲ್ಲಿ ಕೂರಿಸಿ, ಪಕ್ಕದೂರಿನ ಪಶುವೈದ್ಯೆಯ ಹತ್ತಿರ ಬಸ್ಸಿನಲ್ಲಿ ಹೋದಳು. ರಾದ್ಕಾ ಬೆಂದೊವಾ ಎಂಬ ಆ ವೈದ್ಯೆ ದಪ್ಪ ದನಿಯ ಹೆಂಗಸು, ಹೋರಿಗೂ ಹೆದರದವಳು.

"ಏನೋ ತಿಂದಿರ್ಬೇಕು ಡಾಕ್ಟ್ರೇ, ಗಂಟಲಲ್ಲಿ ಸಿಕ್ಕಾಕ್ಕೊಂಡಿದೆ," ಎಂದಳು ದ್ರಾಹೊಮೀರಾ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೊಸೆದುಕೊಂಡು ಬಂದ ಸುಳ್ಳು ಅದು.

ಬೆಂದೊವಾ ನಾಯಿಯ ಬೆನ್ನು ಸವರಿದಳು. ಅಂಗೈ ಬೆಳ್ಳಗಾಯಿತು. "ಇದೇನಿದು ಹೌಷ್ಕೊವಾ ಅವ್ರೇ? ಹಿಟ್ಟಲ್ಲಿ ಹೊರಳಿಸಿ ಎಣ್ಣೆಗೆ ಬಿಡೋದೊಂದು ಬಾಕಿ ಅನ್ಸುತ್ತೆ!"

ಅಷ್ಟಕ್ಕೇ ದ್ರಾಹೊಮೀರಾಳಿಗೆ ಅಳು ಬಂತು. ಎಲ್ಲ ಹೇಳಿಬಿಟ್ಟಳು. ಹೇನು, ಮುಚ್ಚಿದ ಬಾಗಿಲು, ಬೊಗಸೆ. "ಆದ್ರೆ ಕೆಟ್ಟ ಸರಕು ಹಾಕ್ಲಿಲ್ಲ ಡಾಕ್ಟ್ರೇ. ಹುರಿದದ್ದೇ ಹಾಕ್ದೆ. ಒಂದನೇ ದರ್ಜೆದು."

"ಅದೇ ತಪ್ಪು," ಎಂದಳು ಬೆಂದೊವಾ. "ನಿಮ್ಮ ಹ್ಲಿನೋವ್‌ನವ್ರೆಲ್ಲಾ ಇದೇ ಮಾಡ್ತೀರಪ್ಪ, ಬೇರೆ ಯಾರೂ ಮಾಡಲ್ಲ. ಹುರಿದಾಗ ಆ ಚಿಪ್ಪು ಹರಳುಗಟ್ಟುತ್ತೆ, ಉಸಿರಲ್ಲಿ ಹೋದ್ರೆ ಎದೆ ಒಳಗೆ ಗಾಜಿನ ಪುಡಿ ಇದ್ದ ಹಾಗೆ. ಅದು ಸೋಸೋಕೆ ಇರೋದು, ಜೀವ ಇರೋದರ ಮೈಮೇಲೆ ಹಾಕೋಕಲ್ಲ. ನಿಮಗೆ ಬೇಕಿದ್ದಿದ್ದು ನೀವು ಮೂಗು ಮುರೀತೀರಲ್ಲ, ಆ ಬೂದು ಹಸಿ ಮಣ್ಣು. ಅದರಲ್ಲೂ ಮೇವಿಗೆ ಸೇರಿಸ್ಬಹುದು ಅಂತ ಚೀಲದ ಮೇಲೆ ಬರೆದಿರೋದು."

"ಹಂಗಾದ್ರೆ ಅದು ಧೂಳಲ್ವಾ?"

"ಅದೂ ಧೂಳೇ. ಅದನ್ನೂ ಮೋಡದ ಥರ ಎಬ್ಬಿಸಿದ್ರೆ ಕಣ್ಣು, ಗಂಟಲು ಉರಿಯುತ್ತೆ. ಈ ಮಣ್ಣು ವಿಷದಿಂದ ಕೊಲ್ಲಲ್ಲ ನೋಡಿ, ಹೇನಿನ ಮೈಮೇಲಿರೋ ಮೇಣ ಕೆರೆದು ಒಣಗಿಸಿ ಸಾಯಿಸುತ್ತೆ. ಹೇನು ಓಡಾಡೋ ಬಿರುಕಲ್ಲಿ ಚೂರು ಇದ್ರೆ ಸಾಕು. ನಾಯಿಗಂತೂ ಹಾಕ್ಲೇಬೇಡಿ, ಅದು ಮೈ ನೆಕ್ಕುತ್ತೆ, ಮೂಸುತ್ತೆ. ಅದಕ್ಕೆ ಬೇರೆ ಹನಿ ಔಷಧಿ ಕೊಡ್ತೀನಿ."

ಎದೆಯ ಎಕ್ಸ್‌ರೇ ತೆಗೆಯಲು ನಾಯಿಯನ್ನು ಒಳಗೆ ಒಯ್ದರು. ದ್ರಾಹೊಮೀರಾ ಹೊರಗೆ ಬೆಂಚಿನ ಮೇಲೆ ಖಾಲಿ ಬುಟ್ಟಿ ಹಿಡಿದು ಕೂತಳು. ಎದುರಿಗೆ ಮೊಲ ತಂದ ಹೆಂಗಸೊಬ್ಬಳು ಏನೋ ಮಾತಾಡಿಸಿದಳು, ಇವಳು ಹೂಂ ಎಂದಳು, ಏನು ಕೇಳಿದಳೆಂದು ಇವತ್ತಿಗೂ ಗೊತ್ತಿಲ್ಲ. ಚರ್ಚಿನ ಕಡೆ ತಲೆ ಹಾಕದ ಹೆಂಗಸು ಅವಳು, ಆದರೂ ಆ ಬೆಂಚಿನ ಮೇಲೆ ಯಾರು ಯಾರಿಗೋ ಕೈ ಮುಗಿದಳು.

ಬೆಂದೊವಾ ಬಾಗಿಲು ತೆರೆದು ತಲೆ ಹೊರಗೆ ಹಾಕಿದಳು. "ಎದೆ ಶುಭ್ರವಾಗಿದೆ. ಗಂಟಲೊಂದು ಕೆಂಪಾಗಿ ಉರೀತಿದೆ ಅಷ್ಟೇ. ಕಣ್ಣು, ಮೂಗು ತೊಳ್ದಿದೀನಿ. ಮನೆಗೆ ಹೋಗಿ ಸ್ನಾನ ಮಾಡಿಸಿ, ಒಳ್ಳೆ ಗಾಳಿಲಿ ಇಡಿ, ಕೆಮ್ಮು ನಿಲ್ಲುತ್ತೆ. ಬುಖ್ಟಾ ಕೊಡೋದೂ ನಿಲ್ಲಿಸಿ, ಈ ನಾಯಿಗೆ ಸದ್ಯ ಇರೋ ರೋಗ ಅದೊಂದೇ."

ಬೆರ್ಟೀಕ್ ಬಂದು ದ್ರಾಹೊಮೀರಾಳ ಬೂಟು ಮೂಸಿ, ಬುಟ್ಟಿಯಲ್ಲಿ ತಿನ್ನಲು ಏನೂ ಇಲ್ಲವೆಂದು ಖಚಿತವಾದ ಮೇಲೆ ಮುಖ ತಿರುಗಿಸಿತು. ಆ ಸೊಕ್ಕು ನೋಡಿ ಅವಳಿಗೆ ಆದ ಸಂತೋಷ ಹೇಳತೀರದು. ಅಬ್ಬಾ, ಬದುಕಿದೆ! ಬದುಕಿದೆ ಮಾತ್ರವಲ್ಲ, ಮೊದಲಿನ ಹಾಗೆಯೇ ಕೆಟ್ಟ ನಾಯಿಯಾಗಿಯೇ ಉಳಿದಿದೆ.

ಮಾರನೆಯ ದಿನ ಅವಳು ಕೋಳಿಗಳನ್ನು ತೋಟಕ್ಕೆ ಅಟ್ಟಿ, ನಾಯಿಯನ್ನು ಮನೆಯೊಳಗೆ ಕೂಡಿಹಾಕಿ, ಗೂಡಿನ ಬಾಗಿಲು ಕಿಟಕಿ ಎಲ್ಲ ತೆರೆದಿಟ್ಟಳು. ಔಷಧದಂಗಡಿಯಿಂದ ತಂದ ಒಳ್ಳೆಯ ಮಾಸ್ಕನ್ನು ಮೂಗಿಗೆ ಬಿಗಿಯಾಗಿ ಕಟ್ಟಿಕೊಂಡಳು. ಪೊರಕೆ ಹಿಡಿದರೆ ಮತ್ತೆ ಎದ್ದೀತೆಂದು ಹಿಟ್ಟಿನ ಮೇಲೆ ನೀರು ಚಿಮುಕಿಸಿ, ಒದ್ದೆ ಬಟ್ಟೆಯಿಂದ ಒರೆಸಿ ಒರೆಸಿ ಚೀಲಕ್ಕೆ ತುಂಬಿದಳು. ಹುಲ್ಲು ಎಸೆದಳು, ಗೋಲುಗಳನ್ನು ಬಿಸಿನೀರಿನಲ್ಲಿ ತಿಕ್ಕಿ ಬಿಸಿಲಿಗೆ ಹಾಕಿದಳು. ಒದ್ದೆಯ ಮೇಲೆ ಮಣ್ಣು ಹಾಕಿದರೆ ಹೇನಿಗೆ ಕೆಸರುಗದ್ದೆ ಮಾಡಿಕೊಟ್ಟಂತೆ, ಪ್ರಯೋಜನವಿಲ್ಲ ಎಂದಿದ್ದಳು ಬೆಂದೊವಾ.

ಎಲ್ಲ ಗರಿಗರಿ ಒಣಗಿದ ಮೇಲೆ ಹಿಂದಿನ ಶೆಡ್ಡಿನವರ ಬೂದು ಮಣ್ಣಿನ ಚೀಲ ಬಿಚ್ಚಿದಳು. ಅದನ್ನು ಕೊಳ್ಳಲು ಹೋದಾಗ ಅಂಗಡಿಯಲ್ಲಿದ್ದ, ಹಿಂದೆ ಆ ಶೆಡ್ಡಿನಲ್ಲಿ ದುಡಿದಿದ್ದ ಹೆಂಗಸು, "ಏನು ದ್ರಾಹೊಮೀರಾ, ದಾರಿ ತಪ್ಪಿ ಬಂದ್ಯಾ? ನಿಮ್ಮ ಅರಮನೆ ಹಿಟ್ಟು ಆ ಕಡೆ," ಎಂದು ಚುಚ್ಚಿದ್ದಳು. ದ್ರಾಹೊಮೀರಾ ದುಡ್ಡು ಎಣಿಸಿಕೊಟ್ಟು ಚೀಲ ಎತ್ತಿಕೊಂಡಿದ್ದಳು. ಬನ್ನುಗಳಿಗೆ ಬೆಣ್ಣೆ ಸವರುವ ಹೆಬ್ಬಾತಿನ ಗರಿಯ ಕುಂಚಗಳಲ್ಲಿ ಹಳೆಯದೊಂದನ್ನು ತೆಗೆದು, ಚಿಟಿಕೆ ಚಿಟಿಕೆ ಮಣ್ಣನ್ನು ಗೋಲಿನ ತುದಿಗೆ, ಹಲಗೆಯ ಸಂದಿಗೆ, ಮೊಟ್ಟೆ ಇಡುವ ಪೆಟ್ಟಿಗೆಯ ಮೂಲೆಗೆ ತೆಳ್ಳಗೆ ಸವರಿದಳು. ಧೂಳು ಪೂರ್ತಿ ಕೂರುವವರೆಗೆ ಕೋಳಿಗಳನ್ನು ಒಳಗೆ ಬಿಡಲಿಲ್ಲ. ಹೇನು ಒಂದೇ ಸಲಕ್ಕೆ ಹೋಗಲಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಮತ್ತೆ ಸವರಿದಳು. ಬರಬರುತ್ತಾ ಬಟ್ಟೆಯ ಮೇಲಿನ ಕೆಂಪು ಗೆರೆ ತೆಳುವಾಗಿ, ಕೊನೆಗೆ ಬಟ್ಟೆ ಬೆಳ್ಳಗೇ ಬಂತು. ಬೆರ್ಟೀಕ್‌ನ ಕೆಮ್ಮು ಅದಕ್ಕೂ ಎಷ್ಟೋ ಮೊದಲೇ ನಿಂತಿತ್ತು.

ನಾಯಿ ಗೆಲುವಾಗಿತ್ತು, ಯಾರಿಗೂ ಏನೂ ತಿಳಿಯುವ ಹಾಗಿರಲಿಲ್ಲ. ಹೇಳದೆ ಇದ್ದುಬಿಟ್ಟರೆ ಆಗದೇ ಎಂದು ದ್ರಾಹೊಮೀರಾ ಯೋಚಿಸದೇ ಇರಲಿಲ್ಲ. ಆದರೆ ಓಲ್ದ್ರಿಖ್ ಬಸ್ಸಿಳಿದು, ಆರೋಗ್ಯಧಾಮದ ತೆಳು ಬಿಸ್ಕತ್ತಿನ ಡಬ್ಬಿಯನ್ನು ಅವಳ ಕೈಗಿಟ್ಟು, "ನಿನ್ನ ಋಣ ಹೇಗೆ ತೀರಿಸ್ಲಿ ದ್ರಾಹುಷ್ಕಾ," ಎಂದಾಗ ಡಬ್ಬಿಯನ್ನು ಮೇಜಿನ ಮೇಲಿಟ್ಟು ಎಲ್ಲ ಒದರಿಬಿಟ್ಟಳು.

ಓಲ್ದ್ರಿಖ್ ತೊಡೆಯ ಮೇಲೆ ಮಲಗಿದ್ದ ನಾಯಿಯ ಪಕ್ಕೆಗೆ ಕಿವಿಯಿಟ್ಟು ಬಹಳ ಹೊತ್ತು ಕೇಳಿದ.

"ಬಯ್ಯೋದಾದ್ರೆ ಬಯ್ದುಬಿಡು, ಓಲ್ದಾ," ಎಂದಳು ಅವಳು.

"ಇವನು ಕೆಮ್ಮಿದ ತಕ್ಷಣ ಎತ್ಕೊಂಡು ಓಡಿದ್ಯಲ್ಲ," ಎಂದ ಓಲ್ದ್ರಿಖ್. "ನಾನು ಕುಲುಮೆ ಮುಂದೆ ಕೆಮ್ಮೋಕೆ ಶುರು ಮಾಡಿದಾಗ ಎಲ್ರೂ ಏನಂದ್ರು ನೆನಪಿದ್ಯಾ? ಒಂದು ಬಿಯರ್ ಕುಡಿ, ಧೂಳು ಇಳಿಯುತ್ತೆ ಅಂದ್ರು. ನೀನೂ ಅಂದೆ."

ದ್ರಾಹೊಮೀರಾ ತಲೆ ತಗ್ಗಿಸಿದಳು. ಅಂದದ್ದು ಹೌದು.

"ನಾನೂ ಹಾಗೇ ಅಂದ್ಕೊಂಡಿದ್ದೆ ಬಿಡು. ಮಾಸ್ಕ್ ಕೊಟ್ಟಿದ್ರು, ಕತ್ತಿಗೆ ನೇತಾಕ್ಕೊಂಡು ಸಿಗರೇಟು ಸೇದ್ತಿದ್ವಿ. ಬೆಂಕಿ ಕಂಡ ಹಿಟ್ಟು, ಅದೇನು ಮಾಡುತ್ತೆ ಅಂತ. ಆಗ ಯಾರಿಗೂ ಹೆದರಿಕೆ ಆಗ್ಲಿಲ್ಲ ನೋಡು, ನನ್ನ ಹೆಂಡತಿಗೂ ಆಗ್ಲಿಲ್ಲ. ನಿನಗೆ ಈಗಲಾದ್ರೂ ಆಯ್ತಲ್ಲ."

ಅವನು ಕೆಮ್ಮಿದ. ಅವಳು ಎದ್ದು ನೀರು ಕೊಟ್ಟಳು. ಕುಡಿದು, ಲೋಟ ಕೆಳಗಿಟ್ಟು, ನಾಯಿಯ ಬಾರನ್ನು ಸುತ್ತಿ ಸುತ್ತಿ ಅವಳ ಮುಂದೆ ಮೇಜಿನ ಮೇಲಿಟ್ಟ.

"ಅಕ್ಟೋಬರ್‌ಗೆ ಮತ್ತೆ ಬಾ ಅಂದಿದ್ದಾರೆ ಅಲ್ಲಿ. ನಾನು ವಾಪಸು ಬರದೆ ಹೋದ್ರೂ ಇವನು ನಿನ್ನ ಹತ್ರಾನೇ ಇರ್ಲಿ, ಬೇರೆ ಯಾರಿಗೂ ಕೊಡ್ಬೇಡ."

"ಬರದೆ ಏನು, ಬಾಯಿ ಮುಚ್ಚು," ಎಂದಳು ದ್ರಾಹೊಮೀರಾ, ಆದರೆ ಬಾರನ್ನು ಎತ್ತಿ ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು.