ಊರಿದ ಕಂಬಿ

ಬೆಳಗಾವಿ ಕಡೆಯ ಧರಣೇಂದ್ರನಿಗೆ ಮಲಯಾಳಂ ಬರುತ್ತಿರಲಿಲ್ಲ; ಬರುತ್ತದೆ ಎಂಬ ನಂಬಿಕೆ ಮಾತ್ರ ಬೇಕಾದಷ್ಟಿತ್ತು. ಕೊಚ್ಚಿಯ ವೈಟ್ಟಿಲದ ಬ್ಯಾಂಕ್ ಶಾಖೆಗೆ ವರ್ಗವಾಗಿ ಬಂದು ಆರು ವರ್ಷ; ಮನೆ ಮೆಟ್ರೋ ಹಳಿಯ ಉತ್ತರ ತುದಿಯ ಆಲುವದಲ್ಲಿ. ಅರ್ಧಕ್ಕರ್ಧ ನಮ್ಮ ಮಾತೇ, ಇವರು ಮೂಗಿನಲ್ಲಿ ಆಡುತ್ತಾರೆ ಅಷ್ಟೇ ಎಂಬುದು ಅವನ ಸಿದ್ಧಾಂತ. ಅರ್ಥವಾಗದ ಕಡೆ 'ಶರಿ, ಶರಿ' ಎಂದು ತಲೆಯಾಡಿಸಿಬಿಡುತ್ತಿದ್ದ, ಪುಣ್ಯಾತ್ಮ.

ಒಂದು ವಿಷಯದಲ್ಲಿ ಮಾತ್ರ ಅವನಷ್ಟು ಎಚ್ಚರದ ಮನುಷ್ಯ ಇಡೀ ಆಲುವದಲ್ಲಿ ಇರಲಿಕ್ಕಿಲ್ಲ. ಹೆಂಡತಿ ಮಂದಾಕಿನಿಯ ಶ್ವಾಸಕೋಶ ಕೆಟ್ಟು ಎರಡು ವರ್ಷವಾಗಿತ್ತು. ಮಂಚದ ಪಕ್ಕದ ಆಕ್ಸಿಜನ್ ಮಷೀನು ಹಗಲಿರುಳು ಓಡಬೇಕು. ಕರೆಂಟು ಹೋದರೂ ಅದು ನಿಲ್ಲದಿರಲೆಂದೇ ಮಾಳಿಗೆಯ ಮೇಲೆ ಸೋಲಾರ್ ಹಾಕಿಸಿದ್ದ. ಹೋದ ವರ್ಷ ತುಲಾಮಾಸದ ಮಳೆಯಲ್ಲಿ ಸಿಡಿಲು ಆ ಸೋಲಾರಿನ ವೈರಿನಲ್ಲೇ ಇಳಿದು ಇನ್ವರ್ಟರನ್ನೂ ಮಷೀನನ್ನೂ ಒಟ್ಟಿಗೆ ಸುಟ್ಟಿತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮಂದಾಕಿನಿಯ ತುಟಿ ನೀಲಿಯಾಗಿತ್ತು. ಆ ಬಣ್ಣವನ್ನು ಅವನು ಮರೆತಿರಲಿಲ್ಲ.

ಆಮೇಲೆ ಮಂಚದ ಪಕ್ಕ ಆಪತ್ತಿಗೆಂದು ಒಂದು ಆಕ್ಸಿಜನ್ ಸಿಲಿಂಡರ್ ತಂದಿಟ್ಟ, ಸರ್ಜ್ ಪ್ರೊಟೆಕ್ಟರ್ ಕೂಡಿಸಿದ. ಮಿತಿಮೀರಿ ನುಗ್ಗುವ ಕರೆಂಟನ್ನು ನೆಲಕ್ಕೆ ಅಟ್ಟುವ ಪುಟ್ಟ ಡಬ್ಬಿ ಅದು. ಅಟ್ಟಬೇಕಾದರೆ ಅದರ ವೈರು ಮಣ್ಣಿನಲ್ಲಿ ಹುಗಿದ ಕಂಬಿಗೆ ಸೇರಿರಬೇಕು. ಇಲ್ಲವಾದರೆ ಡಬ್ಬಿ ಇದ್ದೂ ಇಲ್ಲದಂತೆ. ಕಂಬಿಗೆ ತುಕ್ಕು ಹಿಡಿದಿದೆ, ಬದಲಿಸಬೇಕು ಎಂದು ಎಲೆಕ್ಟ್ರಿಷಿಯನ್ ಜಾಯ್ಸ್ ಹೇಳಿದ್ದ.

ಆ ದಿನ ಹನ್ನೊಂದು ಗಂಟೆಗೆ, ಕೌಂಟರಿನ ಮುಂದೆ ಜನ ನೆರೆದಿದ್ದಾಗ, ಜಾಯ್ಸನ ಫೋನು ಬಂತು. "ಸಾರೇ, ಎರ್ತ್ ಕಂಬಿ ಊರಿಯಿಟ್ಟುಂಡ್. ನಾಳೆ ವರಾಂ. ಪಿನ್ನೆ..."

ಕಂಬಿ ಊರಿ ಇಟ್ಟಿದ್ದಾನೆ, ನಾಳೆ ಬರುತ್ತಾನೆ, ದುಡ್ಡಿಗಿರಬೇಕು. ಇದಕ್ಕೆ ನಿಘಂಟು ಬೇಕೆ? ಧರಣೇಂದ್ರನ ಅಪ್ಪ ಹೊಲದಲ್ಲಿ ಬೀಜ ಊರುತ್ತಿದ್ದುದೂ ಇದೇ ಮಾತಿನಿಂದ. "ಶರಿ, ಶರಿ" ಎಂದು, ಜಾಯ್ಸನ ಮುಂದಿನ ಮಾತು ಕೇಳದೆ ಫೋನಿಟ್ಟ. ಎದೆಯ ಮೇಲಿನ ಭಾರ ಇಳಿದಂತಾಯಿತು.

ನಾಲ್ಕೂವರೆಗೆ ವೈಟ್ಟಿಲದ ಮೆಟ್ರೋ ನಿಲ್ದಾಣದಲ್ಲಿ ನಿಂತಾಗ ಉತ್ತರದ ಆಕಾಶ ಕಪ್ಪಾಗಿತ್ತು. ಕಾಲೇಜಿನಿಂದ ಆಗಷ್ಟೇ ಮನೆಗೆ ಬಂದಿದ್ದ ಮಗಳು ಸಂಹಿತಾಳಿಗೆ ಫೋನು ಮಾಡಿದ. ಹೈಸ್ಕೂಲಿನಿಂದ ಇಲ್ಲೇ ಓದಿದ ಅವಳಿಗೆ ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಹೆಚ್ಚಾಗಿ ಮಲಯಾಳಂನಲ್ಲಿ ಬರುತ್ತದೆ.

"ಗುಡುಗಿಗೆ ಹೆದರಬ್ಯಾಡ. ಜಾಯ್ಸ್ ಕಂಬಿ ಊರಿ ಹೋಗ್ಯಾನ."

"ಊರಿಯೋ?" ಸಂಹಿತಾಳ ದನಿ ಬದಲಾಯಿತು. "ಪಿನ್ನೆ ಇನ್ವರ್ಟರ್ ಎಂದಿನಾ ಓನ್ ಆಕ್ಕಿ ಇಟ್ಟೇಕ್ಕುನ್ನೆ?"

ಮತ್ತೆ ಇನ್ವರ್ಟರ್ ಯಾಕೆ ಆನ್ ಇಟ್ಟಿದ್ದೀರಿ ಎಂದು ಕೇಳುತ್ತಿದ್ದಾಳೆ. ಧರಣೇಂದ್ರನಿಗೆ ರೇಗಿತು. "ಊರ್ಯಾನಲ್ಲ, ಇನ್ನೇನು ಬೇಕು?"

ಅವಳು ಕಿಟಕಿಗೆ ಓಡಿದ್ದು ಕೇಳಿಸಿತು. ತಿರುಗಿ ಬಂದವಳು ಕನ್ನಡದಲ್ಲೇ ಹೇಳಿದಳು. "ಅಪ್ಪಾ, ಕಂಬಿ ಹೊರಗೆ ಬಿದ್ದಿದೆ. ಗುಂಡಿ ಖಾಲಿ. ಇಲ್ಲಿ ಊರಿ ಅಂದ್ರೆ ಕಿತ್ತು."

ಅವನು ಫೋನನ್ನು ಕಿವಿಗೆ ಒತ್ತಿಕೊಂಡ. ರೈಲು ಬಂತು, ಹತ್ತಿದ. ಇಡಪಳ್ಳಿ, ಕಳಮಶ್ಶೇರಿ ದಾಟಿ ಆಲುವ ಮುಟ್ಟಲು ಮುಕ್ಕಾಲು ಗಂಟೆಯ ಹತ್ತಿರ. ಅಷ್ಟರಲ್ಲಿ ಏಲೂರಿನ ಕಾರ್ಖಾನೆಗಳ ಕಡೆ ಒಂದು ಮಿಂಚು ನೆಲದವರೆಗೂ ಇಳಿಯಿತು.

"ಇನ್ವರ್ಟರ್ ಓಫ್ ಆಕ್ಕಟ್ಟೆ?" ಎಂದಳು ಸಂಹಿತಾ.

ಆಫ್ ಮಾಡಲೇ ಎಂಬುದಕ್ಕೆ ಹೂಂ ಅನ್ನಬೇಕೆಂದು ಬಾಯಿ ತೆರೆದ. ಆ ಪೆಟ್ಟಿಗೆಯ ಮೇಲೆ ಅವಳ ಕೈ ಇರುವಾಗಲೇ ಸಿಡಿಲು ಬಂದರೆ? ಒಬ್ಬಳನ್ನು ಉಳಿಸಲು ಇನ್ನೊಬ್ಬಳನ್ನು ಸಿಡಿಲಿನ ಬಾಯಿಗೆ ಕಳಿಸುತ್ತಿದ್ದೇನೆ ಎನ್ನಿಸಿತು.

"ಬ್ಯಾಡ. ಅದರ ಹತ್ತರ ಹೋಗಬ್ಯಾಡ. ಸುಟ್ಟರ ಸುಡಲಿ. ಮೊದಲು ಅವ್ವಗ ಸಿಲಿಂಡರ್ ಹಚ್ಚು, ಆಮ್ಯಾಲೆ ಮಷೀನಿನ ಪ್ಲಗ್ ಕೀಳು."

"ಸಿಲಿಂಡರಿನ ಚಾವಿ ತಿರುಗ್ತಿಲ್ಲ, ಅಪ್ಪಾ."

"ಎಡಕ್ಕ ತಿರುಗಿಸು. ಚಾವಿಗೆ ಅರಿವಿ ಸುತ್ತಿ ಎರಡೂ ಕೈಲೆ ಹಿಡಿ."

ಅವಳು ಏದುಸಿರು ಬಿಡುತ್ತಿದ್ದಳು. ಹಿಂದೆ ಮಂದಾಕಿನಿಯ ಕೆಮ್ಮು. ನಂತರ ಸುಂಯ್ ಎಂಬ ಸದ್ದು, ಗಾಳಿಯದೋ ಫೋನಿನದೋ ತಿಳಿಯುವ ಮೊದಲೇ ಲೈನು ಕಟ್ಟಾಯಿತು. ಮತ್ತೆ ಹತ್ತು ಸಲ ಹಚ್ಚಿದ, ಹತ್ತಲಿಲ್ಲ. ಕಳಮಶ್ಶೇರಿ ದಾಟುವಾಗ ಬೋಗಿಯ ಗಾಜೆಲ್ಲ ಬೆಳ್ಳಗಾಗುವಂತೆ ಮಿಂಚಿ, ಒಡನೆಯೇ ಸಿಡಿಲು ಅಪ್ಪಳಿಸಿತು. ಎದುರು ಕೂತಿದ್ದ ಹೆಂಗಸು ಅವನಿಗೆ ನೀರಿನ ಬಾಟಲಿ ಕೊಟ್ಟಳು. ಅದನ್ನು ತೆರೆಯದೆ ಹಿಡಿದುಕೊಂಡೇ ಆಲುವದಲ್ಲಿ ಇಳಿದ.

ಮನೆಯಲ್ಲಿ ಸುಟ್ಟ ಪ್ಲಾಸ್ಟಿಕ್ಕಿನ ನಾತ. ಇನ್ವರ್ಟರ್ ಕರಿಹಿಡಿದಿತ್ತು, ಫ್ರಿಜ್ಜೂ ಹೋಗಿತ್ತು. ಒಳಗಿನ ಕೋಣೆಯಲ್ಲಿ ಮಷೀನಿನ ವೈರು ನೆಲದ ಮೇಲೆ ಬಿದ್ದಿತ್ತು. ಮಂಚದ ಮೇಲೆ ಮಂದಾಕಿನಿ ಒರಗಿದ್ದಳು, ಮೂಗಿನ ನಳಿಕೆ ಸಿಲಿಂಡರಿಗೆ ಸೇರಿತ್ತು. ತುಟಿ ಕೆಂಪಗಿತ್ತು. ಸಂಹಿತಾ ತರಚಿದ ಅಂಗೈಯನ್ನು ಲಂಗಕ್ಕೆ ಒತ್ತಿಕೊಂಡು ಪಕ್ಕದಲ್ಲಿ ಕೂತಿದ್ದಳು.

ಧರಣೇಂದ್ರ ಮಂಚದ ಕಾಲಿಗೆ ಒರಗಿ ಕುಸಿದು ಕೂತ. ಬೆಳಗಿನ ಫೋನಿನ ಕಥೆಯನ್ನೆಲ್ಲ ಹೇಳಿದ. "ಊರಿ ಅಂದ್ರ ನಮ್ಮಂಗ ಅಂತ ತಿಳದೆ" ಎಂದ.

ಮಂದಾಕಿನಿ ಉಸಿರು ಕೂಡಿಸಿಕೊಂಡಳು. "ತಿಳೀಲಿಲ್ಲಪಾ, ಇನ್ನೊಮ್ಮೆ ಹೇಳು ಅಂತ ಅವಗ ಒಂದ್ ಮಾತು ಕೇಳಿದ್ರ ನಿಮ್ದೇನು ಹೋಗ್ತಿತ್ತ್ರೀ?"

ಧರಣೇಂದ್ರ ಫೋನು ತೆಗೆದು ಜಾಯ್ಸನಿಗೆ ಹಚ್ಚಿದ, ಈ ಸಲ ಹತ್ತಿತು. "ಜಾಯ್ಸ್, ಎನಿಕ್ಕ್ ಮಲಯಾಳಂ ಅರಿಯಿಲ್ಲ" ಎಂದು ತನಗೆ ಭಾಷೆ ಬಾರದ್ದನ್ನು ಒಪ್ಪಿಕೊಂಡ. ಆರು ವರ್ಷದಲ್ಲಿ ಅವನು ತಪ್ಪಿಲ್ಲದೆ ಆಡಿದ ಮೊದಲ ಮಲಯಾಳಂ ವಾಕ್ಯ ಅದು.