ಹೊಸ ಕ್ಯಾಪ್ಟನ್ ಬಂದ ಮೇಲೆ

ಕೆ.ಬಿ. ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯಾಕೆ ವರ್ಷಗಟ್ಟಲೆ ನನ್ನ ಹೆಂಡತಿಯ ಜೊತೆ ಕೂತು ಆಕಾಶನೌಕೆಯ ಧಾರಾವಾಹಿ ನೋಡುತ್ತಿದ್ದರು. ಹೆಂಡತಿ ತೀರಿಕೊಂಡ ಮೇಲೂ ಸಂಜೆ ಏಳಕ್ಕೆ ಬಂದು, ಸೆರಗಿನಿಂದ ನಮ್ಮ ಟಿ.ವಿ. ಒರೆಸಿ ಕೂರುತ್ತಿದ್ದರು. ಅಷ್ಟರಲ್ಲಿ ಧಾರಾವಾಹಿಯಲ್ಲಿ ನೌಕೆಯ ಕ್ಯಾಪ್ಟನ್ ಆಗಿದ್ದ ನಾಯಕ ಸತ್ತು, ಹುಡುಗಿಯೊಬ್ಬಳು ಕ್ಯಾಪ್ಟನ್ ಆದಳು. ಯುದ್ಧ ನಿಂತು ಮಾತುಕತೆ ಶುರುವಾಯಿತು.

“ಇದು ನಮ್ದಲ್ಲ ಬಿಡ್ರಿ ಅಣ್ಣಾರೆ. ಮೊದ್ಲಿನಾತ ಇಷ್ಟೊತ್ತಿಗೆ ಎರಡು ಗ್ರಹ ಸುಟ್ಟಾಕ್ತಿದ್ದ. ಈಕಿ ವೈರಿಗಳಿಗೂ ಕೂಡ್ರಿ ಅಂತಾಳೆ!”

ಹೀಗೆ ಬೈದು ಎದ್ದವರು ಮರುದಿನ ಮತ್ತೆ ಬರುತ್ತಿದ್ದರು.

ಆಗ ಹರಿಹರದ ನನ್ನ ತಂಗಿ, ಅತ್ತಿಗೆಯ ಸೀರೆಗಳನ್ನು ಯಾರಿಗಾದರೂ ಕೊಟ್ಟುಬಿಡು ಎಂದು ದಿನಾ ಧಾರಾವಾಹಿಯ ಹೊತ್ತಿಗೇ ಫೋನ್ ಮಾಡುತ್ತಿದ್ದಳು. ನನಗೆ ಬೀರು ತೆರೆಯಲೂ ಆಗುತ್ತಿರಲಿಲ್ಲ.

ಒಂದು ಸಂಜೆ ಹೊಸ ಕ್ಯಾಪ್ಟನ್ ಹಳೆಯ ಕ್ಯಾಪ್ಟನ್‌ನ ಕೋಣೆಗೆ ಹೋದಳು. ಅವನ ಕೋಟು ಮುಟ್ಟಿ, ಅಲ್ಲೇ ಬಿಟ್ಟು, ಬಾಗಿಲು ಮುಚ್ಚಿದಳು. ನನಗೆ ಅಳು ಬಂತು. ಪಕ್ಕದ ಮನೆಯಾಕೆಗೆ ಸಿಟ್ಟು ಬಂತು.

“ಹಂಗೇ ಬಿಟ್ಟು ಬಂದ್ಲಲ್ರಿ! ಜೇಬಿಗೆ ಒಂದು ಡಾಂಬರ್ ಗುಳಿಗೆನಾದ್ರೂ ಹಾಕಬ್ಯಾಡ್ವ?”

ಆಮೇಲೆ ಟಿ.ವಿ. ಕಡೆಯೇ ನೋಡುತ್ತಾ ಕೇಳಿದರು.

“ನೀವು ಬೀರುನಾಗೆ ಹಾಕೀರೇನ್ರಿ?”

“ಇಲ್ಲ ಅಕ್ಕಾ.”

ತಮ್ಮ ಮನೆಗೆ ಹೋಗಿ ಗುಳಿಗೆಯ ಪೊಟ್ಟಣ ತಂದರು. “ಕೊಡೋದು ಬಿಡೋದು ಆಮ್ಯಾಲೆ. ಮೊದ್ಲು ಸೀರೆ ನುಸಿ ತಿನ್ನಬಾರದು. ಬೀಗದಕೈ ಎಲ್ಲೈತಿ?”

ನಾನು ಎದ್ದು ತಂದುಕೊಟ್ಟೆ.